ಬಾಳಿಕೆ ಬರೋದು ಯಾವುದು?

ನಮ್ಮ ಕಡೆ ಏನೇ ಕೊಂಡರೂ ಮೊದಲು ಕೇಳೋ ಪ್ರಶ್ನೆ ಒಂದೇ: "ಬಾಳಿಕೆ ಬರುತ್ತಾ?" ಚಪ್ಪಲಿಯಾಗಲಿ, ಪ್ಲಾಸ್ಟಿಕ್ ಕೊಡವಾಗಲಿ, ಬೋರ್‌ವೆಲ್ ಮೋಟಾರಾಗಲಿ. ಬಾಳು ಅನ್ನೋದರಿಂದ ಬಂದ ಮಾತು ಅದು. ವಸ್ತು ಎಷ್ಟು ದಿನ ಇರುತ್ತೆ ಅನ್ನೋದು ಒಂದು, ನಮ್ಮ ಜೊತೆ ಎಷ್ಟು ದಿನ ಬಾಳುತ್ತೆ ಅನ್ನೋದು ಇನ್ನೊಂದು. ಎರಡೂ ಒಂದೇ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ ಅಂತ ನನಗೀಗ ಅನ್ನಿಸುತ್ತಿದೆ. ಕಾರಣ, ಒಂದು ದೋಣಿ.

ದೋಣಿ ಇನ್ನೂ ಇಲ್ಲ, ಕಟ್ಟಬೇಕು ಅಂತಿದ್ದೇನೆ. ಸೀಡರ್ ಮರದ ಪಟ್ಟಿಗಳಿಂದ ಮಾಡುವ, ಒಬ್ಬರೇ ಕೂತು ಹುಟ್ಟು ಹಾಕುವ ಕೆನೋ. ಯಡಿಯೂರಿನ ಪಕ್ಕದ ಹಳ್ಳಿಯವನಿಗೆ ಇದೇನು ಹುಚ್ಚು ಅಂತೀರಾ? ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ಯಡಿಯೂರು ಅಂದರೆ ಸಿದ್ಧಲಿಂಗೇಶ್ವರನ ಗುಡಿ, ದಾಸೋಹದ ಊಟ. ಆದರೆ ಅಲ್ಲಿಂದ ಸ್ವಲ್ಪ ದೂರದಲ್ಲೇ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಇದೆ. ಮೈಸೂರು ಅರಸರ ಕಾಲದ್ದು. ನೀರು ಒಂದು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ಸೈಫನ್‌ಗಳು ತಾವೇ ನೀರನ್ನು ಆಚೆ ಎಳೆದು ಬಿಡುತ್ತವೆ. ಆ ನೀರಿನ ಮೇಲೆ ಒಂದು ಬೆಳಿಗ್ಗೆ ಸದ್ದಿಲ್ಲದೆ ತೇಲಬೇಕು ಅನ್ನೋದು ನನ್ನ ಆಸೆ.

ಕಟ್ಟುವ ವಿಧಾನ ಓದಿದರೆ ಎಂಜಿನಿಯರ್ ಆದವನಿಗೆ ಖುಷಿಯಾಗುತ್ತೆ. ದೋಣಿಯ ಆಕಾರಕ್ಕೆ ಹಲಗೆಯ ಅಚ್ಚುಗಳನ್ನು ಕತ್ತರಿಸಿ, ಅಡಿಗೊಂದರಂತೆ ಸಾಲಾಗಿ ನಿಲ್ಲಿಸಬೇಕು. ಅದರ ಮೇಲೆ ಸುಮಾರು 6 ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸುತ್ತಾ ಹೋಗಬೇಕು. ಒಂದು ಪಟ್ಟಿಯ ಅಂಚು ಉಬ್ಬು, ಪಕ್ಕದ್ದು ತಗ್ಗು. ತಿರುವಿನಲ್ಲೂ ಸಂದು ಬಿಡದೆ ಕೂರುತ್ತವೆ. ಆಮೇಲೆ ಒಳಗೂ ಹೊರಗೂ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ ಎಪಾಕ್ಸಿ ಕುಡಿಸುತ್ತಾರೆ. ಬಿಳಿ ಬಟ್ಟೆ ಪಾರದರ್ಶಕವಾಗಿ, ಮರದ ಕೆಂಪು ಬಣ್ಣ ಎದ್ದು ಕಾಣುತ್ತೆ. ಎರಡು ಗಟ್ಟಿ ಪದರ, ನಡುವೆ ಹಗುರ ಮರ. ಹೊಡೆತ ತಿನ್ನೋದು ಪದರಗಳು, ಅವು ಒಂದರಿಂದೊಂದು ದೂರ ಇರುವಂತೆ ಹಿಡಿದುಕೊಳ್ಳೋದು ಮರ. ಹದಿನಾಲ್ಕು ಹದಿನೈದು ಅಡಿ ಉದ್ದ ಇದ್ದರೂ ಒಬ್ಬ ಮನುಷ್ಯ ಹೆಗಲ ಮೇಲೆ ಹೊರಬಹುದು. ನೂರಾರು ಗಂಟೆ ಕೆಲಸ. ಬಿಸಿಲಿಗೆ ಎಪಾಕ್ಸಿ ಹಾಳಾಗದ ಹಾಗೆ ಆಗಾಗ ವಾರ್ನಿಶ್ ಬಳಿದರೆ ದಶಕಗಟ್ಟಲೆ ಇರುತ್ತೆ. ನನ್ನ ಮಗಳೂ ಓಡಿಸಬಹುದು ಅಂತ ಲೆಕ್ಕ ಹಾಕಿದ್ದೆ.

ಈ ಲೆಕ್ಕವನ್ನು ಜಲಾಶಯದಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರ ಮುಂದೆ ಇಟ್ಟೆ. ಮೊಬೈಲಲ್ಲಿ ಫೋಟೋ ನೋಡಿ, "ಚೆನ್ನಾಗೈತೆ ಕಣಪ್ಪ, ತೇರಿದ್ದಂಗೈತೆ" ಅಂದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. "ಒಬ್ನೇ ಹೋಗಾಕೆ ಇಷ್ಟುದ್ದ ಯಾಕೆ?" ಅದಕ್ಕೆ ಉತ್ತರ ಇತ್ತು: ಉದ್ದ ಇದ್ದರೆ ನೆಟ್ಟಗೆ ಹೋಗುತ್ತೆ. ಎರಡನೇದು, "ಬಂಡೆ ತಾಕಿ ಒಡದ್ರೆ ಇಲ್ಯಾರಪ್ಪ ಸರಿ ಮಾಡೋರು?" ಅದಕ್ಕೆ "ನಾನೇ" ಅಂದೆ. "ನೀನಿರೋದು ಬೆಂಗಳೂರಲ್ಲಿ" ಅಂದು ಸುಮ್ಮನಾದರು.

ಅವರ ಹರಿಗೋಲು ದಡದಲ್ಲಿ ಬೋರಲು ಬಿದ್ದಿತ್ತು. ಸೀಳಿದ ಬಿದಿರು ಹೆಣೆದ ದೊಡ್ಡ ಬುಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ, ಟಾರು. ಹಿಂದೆ ಚರ್ಮ ಹೊದಿಸುತ್ತಿದ್ದರು. 1520ರ ಆಸುಪಾಸಿನಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ದೋಣಿಯ ಬಗ್ಗೆ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿವೆ, ಹದಿನೈದಿಪ್ಪತ್ತು ಜನ ಕೂರಬಹುದು, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಅಂತ. ಈಗ ಯೋಚಿಸಿ. ಒಂದು ಹರಿಗೋಲು ಬಹಳ ವರ್ಷ ಬಾಳಲ್ಲ. ನೀರು, ಬಿಸಿಲು, ಹುಳ ಅದನ್ನು ತಿನ್ನುತ್ತವೆ. ಆದರೆ "ಹರಿಗೋಲು" ಅನ್ನೋದು 500 ವರ್ಷಕ್ಕೂ ಮೇಲೆ ಬಾಳಿದೆ. ಹಾಳಾದಾಗಲೆಲ್ಲ ಮತ್ತೆ ಹೆಣೆಯುವ ಕೈ ಹತ್ತಿರದಲ್ಲೇ ಇತ್ತು, ಬಿದಿರೂ ಹತ್ತಿರದಲ್ಲೇ ಇತ್ತು.

ಕೆನೋ ಕೂಡ ಮೂಲದಲ್ಲಿ ಹೀಗೆಯೇ. ಉತ್ತರ ಅಮೆರಿಕದ ಮೂಲನಿವಾಸಿಗಳು ಭೂರ್ಜ ಮರದ ತೊಗಟೆಯಲ್ಲಿ ಅದನ್ನು ಕಟ್ಟುತ್ತಿದ್ದರು. ದಾರಿಯಲ್ಲಿ ಹರಿದರೆ ದಡದ ಕಾಡಿನಲ್ಲೇ ತೊಗಟೆ, ಬೇರು, ಅಂಟು ಹುಡುಕಿ ಹೊಲಿದುಕೊಳ್ಳುತ್ತಿದ್ದರು. ನನ್ನ ಸೀಡರ್ ಕೆನೋ ಅದರ ಮೊಮ್ಮಗ. ಹೆಚ್ಚು ಗಟ್ಟಿ, ಆದರೆ ರಿಪೇರಿಗೆ ಎಪಾಕ್ಸಿ ಪೇಟೆಯಿಂದ ಬರಬೇಕು. ಮುಗಿದ ಮೇಲೂ ಮಣ್ಣಿಗೆ ಸೇರಲ್ಲ. ಗಟ್ಟಿಯಾದ ಎಪಾಕ್ಸಿಯನ್ನು ಮತ್ತೆ ಕರಗಿಸೋಕಾಗಲ್ಲ.

ಹಾಗಾದರೆ ಬಿದಿರೇ ಮೇಲು, ಹಳೇದೇ ಚೆಂದ ಅಂತ ಮುಗಿಸಿಬಿಡಬಹುದಿತ್ತು. ಸಂಬಳ ತಗೊಂಡು ಬೆಂಗಳೂರಲ್ಲಿ ಕೂತವರಿಗೆ ಅದು ಸುಲಭ. ಆ ಹಿರಿಯರನ್ನೇ ಕೇಳಿದರೆ ಗಟ್ಟಿ ಫೈಬರ್ ದೋಣಿ ಕೊಡಿ ಅಂತಾರೆ. ಹರಿಗೋಲು ತೂತಾದ ದಿನ ಅವರಿಗೆ ಮೀನಿಲ್ಲ, ದುಡ್ಡಿಲ್ಲ. ಮತ್ತೆ ಮತ್ತೆ ಹೆಣೆಯೋದು ನಮ್ಮ ಕಣ್ಣಿಗೆ ಪರಂಪರೆ, ಅವರಿಗೆ ಖರ್ಚು. ಬಾಳಿಕೆ ಬರುವ ವಸ್ತು ಕೊಳ್ಳುವಷ್ಟು ದುಡ್ಡು ಒಟ್ಟಿಗೆ ಕೈಗೆ ಸಿಗದವರು ಬಾಳಿಕೆ ಬರದ್ದಕ್ಕೇ ಜೀವನವಿಡೀ ಹೆಚ್ಚು ಕೊಡುತ್ತಾರೆ. ಹಾಗಾಗಿ ಗಟ್ಟಿಯಾಗಿ ಕಟ್ಟೋದು ತಪ್ಪಲ್ಲ. ಗಟ್ಟಿ ಕಟ್ಟಿದ ಮೇಲೆ ನನ್ನ ಕೆಲಸ ಮುಗೀತು ಅಂದುಕೊಳ್ಳೋದರಲ್ಲಿ ಏನೋ ಕೊರತೆ ಇದೆ.

ಅದೇನು ಅಂತ ನಮ್ಮ ವೃತ್ತಿಯವರಿಗೆ ಗೊತ್ತಿರಬೇಕು. ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲಿ ಬರೆದ ಪ್ರಬಂಧವೊಂದರ ವಾದ ಇದು: ಪ್ರೋಗ್ರಾಂನ ಜೀವ ಕೋಡ್‌ನಲ್ಲಿಲ್ಲ, ಅದನ್ನು ಕಟ್ಟಿದವರ ತಿಳಿವಳಿಕೆಯಲ್ಲಿದೆ. ಆ ತಂಡ ಚದುರಿದರೆ ಕೋಡ್ ಓಡುತ್ತಿದ್ದರೂ ಪ್ರೋಗ್ರಾಂ ಸತ್ತ ಹಾಗೆ. ಯಾರೂ ಮುಟ್ಟೋಕೆ ಹೆದರುವ ಹಳೇ ಸಿಸ್ಟಂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಇರುತ್ತೆ. ಬಾಳುತ್ತಿರಲ್ಲ.

ಇದೇ ಮಾತನ್ನು ನಮ್ಮ ನೆಲ ಎಷ್ಟೋ ಮೊದಲೇ ಸ್ಥಾವರ, ಜಂಗಮ ಅಂತ ಎರಡು ಪದದಲ್ಲಿ ಹೇಳಿಬಿಟ್ಟಿದೆ. ಯಡಿಯೂರಿನಲ್ಲಿರೋದು ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ. ಅವರು 701 ಜಂಗಮರೊಂದಿಗೆ ನಾಡು ಸುತ್ತಿದರು ಅನ್ನುತ್ತದೆ ಪರಂಪರೆ. ಗದ್ದುಗೆ ಕಲ್ಲಿನದು, ಉಳಿದಿದೆ. ಆದರೆ 12ನೇ ಶತಮಾನದ ವಚನಗಳು ಉಳಿದದ್ದು ಕಲ್ಲಿನಿಂದಲ್ಲ. ತಾಳೆಗರಿ ಹುಳ ಹಿಡಿಯುವ ಮೊದಲು ಯಾರೋ ಕೂತು ಮತ್ತೆ ನಕಲು ಮಾಡಿದ್ದರಿಂದ. 'ಶೂನ್ಯಸಂಪಾದನೆ'ಯನ್ನೇ ನೋಡಿ: ಅದು ನಾಲ್ಕು ಬೇರೆ ಬೇರೆ ಕೈಗಳಲ್ಲಿ ನಾಲ್ಕು ಬಾರಿ ರೂಪುಗೊಂಡಿತು. ಆ ಪೈಕಿ ಇಬ್ಬರು ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ. ಗೂಳೂರು ತುಮಕೂರಿನ ಪಕ್ಕದಲ್ಲೇ ಇದೆ. ಒಂದು ಕೃತಿಗೆ ನಾಲ್ಕು ವರ್ಷನ್! ಹರಿಗೋಲಿನ ಕಥೆಯೂ ಇದೇ ಅಲ್ಲವಾ?

ಅಂಬಿಗರ ಚೌಡಯ್ಯ ನೆನಪಾಗುತ್ತಾನೆ. ದೋಣಿ ನಡೆಸುತ್ತಿದ್ದ ಶರಣ. ಹೆಚ್ಚಿನ ಶರಣರು ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ, ಅವನು ತನ್ನ ಕಸುಬು ಸೇರಿದ ತನ್ನ ಹೆಸರನ್ನೇ ಇಟ್ಟುಕೊಂಡ. ಅವನು ಹುಟ್ಟು ಹಾಕಿದ ದೋಣಿ ಯಾವ ಮರದ್ದು ಅಂತ ಯಾರೂ ಕೇಳಲ್ಲ. ಅಂಬಿಗ ಅನ್ನೋ ಪದ ಉಳೀತು.

ಒಬ್ಬನೇ ಓಡಿಸುವ ದೋಣಿಯ ಆಕರ್ಷಣೆಯೂ ಇಲ್ಲಿ ಸ್ವಲ್ಪ ಅಲುಗಾಡುತ್ತೆ. ಒಂದೇ ಕಡೆ ಹುಟ್ಟು ಹಾಕಿದರೆ ಕೆನೋ ಇನ್ನೊಂದು ಕಡೆ ತಿರುಗುತ್ತೆ. ಎಳೆತದ ಕೊನೆಯಲ್ಲಿ ಹುಟ್ಟನ್ನು ಸ್ವಲ್ಪ ಹೊರಕ್ಕೆ ತಿರುವಿ ನೆಟ್ಟಗೆ ಮಾಡಬೇಕು. ಅಷ್ಟು ಕಲಿತರೆ ಯಾರ ಹಂಗೂ ಇಲ್ಲದೆ ಹೋಗಬಹುದು. ನೀರಿನ ಮೇಲೆ ಇದು ನಿಜ. ದಡಕ್ಕೆ ಬಂದ ಮೇಲೆ ಅಲ್ಲ. ಒಬ್ಬನಿಗೆ ಮಾತ್ರ ಗೊತ್ತಿರುವ ವಸ್ತು ಎಷ್ಟೇ ಗಟ್ಟಿ ಇದ್ದರೂ ಅದರ ಬಾಳಿಕೆ ಆ ಒಬ್ಬನಷ್ಟೇ.

ಹಾಗಾಗಿ ಕೆನೋ ಕಟ್ಟುತ್ತೇನೆ, ಆದರೆ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ ಅಲ್ಲ. ಊರಲ್ಲಿ, ಬಾಗಿಲು ಕಿಟಕಿ ಮಾಡುವ ಬಡಗಿಯ ಶೆಡ್ಡಿನಲ್ಲಿ, ಅವರ ಹುಡುಗರ ಜೊತೆ. ಇದರಿಂದ ಕೆಲಸ ಎರಡು ಪಟ್ಟು ನಿಧಾನ ಆಗುತ್ತೆ, ಪಟ್ಟಿಗಳು ನನಗೆ ಬೇಕಾದಷ್ಟು ನುಣುಪಾಗಿ ಕೂರದೆಯೂ ಇರಬಹುದು. ಮುಗಿದ ಮೇಲೆ ಅಚ್ಚುಗಳನ್ನು ಅಲ್ಲೇ ಬಿಟ್ಟು ಬರುತ್ತೇನೆ. ಎರಡನೇ ದೋಣಿ ಯಾರಾದರೂ ಕಟ್ಟಿದರೆ, ಅದೂ ನನ್ನನ್ನು ಕೇಳದೆ, ಸೀಡರ್ ಬಿಟ್ಟು ತಮಗೆ ಸಿಕ್ಕ ಮರದಲ್ಲಿ ಕಟ್ಟಿದರೆ, ಮೊದಲನೆಯದು ಬಾಳಿಕೆ ಬಂತು ಅಂದುಕೊಳ್ಳುತ್ತೇನೆ.