ಕೊಲ್ಲದೆ ಕಾಣುವ ಬೆಳಕು

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಶ್ರಾವಕರ ಮನೆಗಳ ಹಳೆಯ ಆಚಾರ. ಸೋಸಿದ ನೀರಿನಿಂದಲೇ ಆ ಬಟ್ಟೆಯನ್ನು ತೊಳೆದು, ಸಿಕ್ಕಿಕೊಂಡ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮರಳಿಸಿದಾಗಲೇ ಆ ಕ್ರಿಯೆ ಪೂರ್ಣವಾಗುತ್ತದೆ. ಕಣ್ಣಿಗೆ ಕಾಣದ ಜೀವದ ಹೊಣೆಯನ್ನೂ ಹೊರುವ ಈ ವಿವೇಕದಿಂದ ಇಂದಿನ ವಿಜ್ಞಾನದ ಒಂದು ಸಾಧನವನ್ನು ಪರಿಶೀಲಿಸಬಹುದು.

ಜೀವಕೋಶದ ಒಳರಚನೆಯನ್ನು ಕಾಣಲು ವಿಜ್ಞಾನಿಗಳು ಬಹುಕಾಲ ಅದನ್ನು ಫಾರ್ಮಲಿನ್ನಿನಂತಹ ದ್ರವದಲ್ಲಿ ಕೊಂದು, ಬಣ್ಣ ಹಿಡಿಸಿ ನೋಡುತ್ತಿದ್ದರು. ಈಗ ಬೆಳಕು ಸೂಸುವ ಇಂಗಾಲಮೂಲದ ನ್ಯಾನೋಕಣಗಳು ಬಂದಿವೆ. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರು. ಈ ಕಣಗಳಲ್ಲಿ ಕೆಲವು 10 ನ್ಯಾನೋಮೀಟರಿಗಿಂತಲೂ ಕಿರಿದು. ಕೋಶದೊಳಗೆ ಸೇರಿದ ಇವು ಅತಿನೇರಳೆ ಅಥವಾ ನೀಲಿ ಕಿರಣ ಬಿದ್ದಾಗ ಹೊಳೆಯುತ್ತವೆ. ಬದುಕಿರುವ ಕೋಶದ ಚಲನೆಯನ್ನೂ ವಿಭಜನೆಯನ್ನೂ ಹೀಗೆ ಹಿಂಬಾಲಿಸಬಹುದು. ವಿಷಕಾರಿ ಕ್ಯಾಡ್ಮಿಯಂ ಬಳಸಿದ ಕಣಗಳಿಗಿಂತ ಇವು ಸಾಮಾನ್ಯವಾಗಿ ಸೌಮ್ಯ.

ಬೆಳಕಿನ ಮೂಲವೂ ವಿಚಾರಾರ್ಹವೇ. 1961ರ ಬೇಸಿಗೆಯಲ್ಲಿ ಒಸಾಮು ಶಿಮೊಮುರಾ ಮತ್ತು ಸಂಗಡಿಗರು ಅಮೆರಿಕದ ಫ್ರೈಡೇ ಹಾರ್ಬರಿನಲ್ಲಿ ಸುಮಾರು 10,000 ಜೆಲ್ಲಿಮೀನುಗಳನ್ನು ಹಿಡಿದು, ಅವುಗಳ ಅಂಚು ಕತ್ತರಿಸಿ, ಹೊಳೆಯುವ ಪ್ರೋಟೀನನ್ನು ಹಿಂಡಿ ತೆಗೆದರು. ಆ ಶೋಧದ ಫಲವಾಗಿ 2008ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ದೊರೆಯಿತು. 2012ರಲ್ಲಿ ತೈವಾನಿನ ಸಂಶೋಧಕರು ಬಳಸಿ ಬಿಟ್ಟ ಕಾಫಿ ಚರಟದಿಂದಲೇ ಹೊಳೆಯುವ ಇಂಗಾಲದ ಕಣಗಳನ್ನು ಪಡೆದರು. ಅಮ್ಮತ್ತಿಯ ತೋಟಗಳ ಕಾಫಿಯೂ ಫಿಲ್ಟರಿನಲ್ಲಿ ಉಳಿಸಿಹೋಗುವುದು ಅಂತಹುದೇ ಚರಟವನ್ನು. ಎಸೆಯುವ ವಸ್ತು ಹೀಗೆ ಬೆಳಕಾಗುವುದು ಸಂತೋಷದ ಸಂಗತಿ.

ಆದರೆ ಸಂತೋಷ ಅಲ್ಲಿಗೇ ನಿಲ್ಲಬಾರದು. ಪ್ರಯೋಗಾಲಯದಲ್ಲಿ ಪ್ರಾಣಿಕೋಶಗಳನ್ನು ಬೆಳೆಸುವ ಪೋಷಕದ್ರವಕ್ಕೆ ಸಾಮಾನ್ಯವಾಗಿ ಶೇಕಡಾ 10ರಷ್ಟು ಕರುವಿನ ಭ್ರೂಣದ ರಕ್ತಸಾರವನ್ನು ಬೆರೆಸುತ್ತಾರೆ. ಗರ್ಭಿಣಿ ಹಸುವನ್ನು ಕಸಾಯಿಖಾನೆಯಲ್ಲಿ ಕಡಿದಾಗ, ಗರ್ಭದ ಕರುವಿನ ಹೃದಯದಿಂದ ಅದನ್ನು ಸೆಳೆಯುತ್ತಾರೆ. ಕೋಶ ಬದುಕಿತು, ಅದರ ಆಹಾರ ಎಲ್ಲಿಂದ ಬಂತು?

ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರರಲ್ಲೂ ಹಿಂಸೆಯ ದೋಷವಿದೆಯೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ವಿದ್ಯಾರ್ಥಿವೇತನ ನೀಡುವ ಬಸದಿಯ ಟ್ರಸ್ಟಿಗೂ ಈ ಮಾತು ಅನ್ವಯಿಸುತ್ತದೆ. ಹಾಗೆಂದು ಜೀವವಿಜ್ಞಾನ ಓದುವ ಮಕ್ಕಳಿಗೆ ಬಾಗಿಲು ಮುಚ್ಚುವುದು ಅನೇಕಾಂತದೃಷ್ಟಿಯಲ್ಲ; ರೋಗಿಯ ನೋವೂ ನೋವೇ. ರಕ್ತಸಾರವಿಲ್ಲದ ಪೋಷಕದ್ರವಗಳು ಹಲವು ಬಗೆಯ ಕೋಶಗಳಿಗೆ ಇಂದು ದೊರೆಯುತ್ತವೆ. ಸಾಧ್ಯವಿರುವೆಡೆ ಅವನ್ನೇ ಬಳಸುವಿರಾ ಎಂದು ವಿದ್ಯಾರ್ಥಿಯನ್ನು ಸೌಮ್ಯವಾಗಿ ಕೇಳುವುದು, ಅದಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಟ್ರಸ್ಟೇ ಭರಿಸುವುದು ಉಚಿತ. ಬಟ್ಟೆಯಲ್ಲಿ ಉಳಿದ ಜೀವವನ್ನು ಬಾವಿಗೆ ಮರಳಿಸಿದ ಹಿರಿಯರ ಎಚ್ಚರವನ್ನು ಪ್ರಯೋಗಶಾಲೆಯಲ್ಲಿ ಪಾಲಿಸುವ ಬಗೆ ಇದೇ.