ಗಾದೆಯಲ್ಲಿ ‘ಬೇಡ’ ಇಲ್ಲ

‘ಹಾಸಿಗೆ ಇದ್ದಷ್ಟು ಕಾಲು ಚಾಚು.’

ಈ ಗಾದೆಯನ್ನು ಬೈಗುಳದ ಹಾಗೆ ಕೇಳಿಸಿಕೊಂಡೇ ಬೆಳೆದವರು ನಾವು. ಜಾತ್ರೆಯಲ್ಲಿ ದೊಡ್ಡ ಆಟಿಕೆ ಕೇಳಿದಾಗ, ಹಬ್ಬಕ್ಕೆ ಎರಡನೇ ಜೊತೆ ಬಟ್ಟೆಗೆ ಹಟ ಹಿಡಿದಾಗ, ಪಕ್ಕದ ಮನೆಗೆ ಕಲರ್ ಟಿವಿ ಬಂದ ದಿನ ಮುಖ ಊದಿಸಿಕೊಂಡು ಕೂತಾಗ, ಮನೆಯ ಹಿರಿಯರ ಬಾಯಿಂದ ಇದು ಬಿದ್ದೇ ಬೀಳುತ್ತಿತ್ತು. ಹಾಗಾಗಿ ‘ಕಾಲು ಮಡಚಿಕೊಂಡು ಸುಮ್ಮನೆ ಮಲಗು’ ಎಂಬುದೇ ಇದರ ಅರ್ಥ ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಈ ನಾಲ್ಕು ಮಾತನ್ನು ಬಿಡಿಸಿ ನೋಡಿ, ಎಲ್ಲೂ ‘ಬೇಡ’ ಇಲ್ಲ. ಕ್ರಿಯಾಪದ ‘ಚಾಚು’. ಹಿರಿಯರು ಅಪ್ಪಣೆ ಕೊಟ್ಟದ್ದು ಕಾಲು ನೀಡುವುದಕ್ಕೇ. ಹಾಕಿದ ಷರತ್ತು ಒಂದೇ: ಹಾಸಿಗೆಯ ಅಳತೆ ಮೊದಲು ಗೊತ್ತಿರಲಿ.

ಈ ವ್ಯತ್ಯಾಸ ನನಗೆ ಹೊಳೆದದ್ದು ಪುಸ್ತಕ ಓದುವಾಗಲ್ಲ, ಕಾರಿನ ಶೋರೂಮಿನಲ್ಲಿ. ಏಳು ಲಕ್ಷದ ಕಾರು ನೋಡಲು ಹೋಗಿದ್ದೆ. ಟೈ ಕಟ್ಟಿದ ಹುಡುಗ ತಣ್ಣನೆ ನೀರು ಕೊಟ್ಟು, ‘ಸಾರ್, ಇನ್ನೊಂದು ಅರವತ್ತು ಸಾವಿರ ಹಾಕಿದ್ರೆ ಅಲಾಯ್ ವೀಲ್ ಬರುತ್ತೆ’ ಅಂದ. ಅಲ್ಲಿಗೆ ಒಪ್ಪಿದ ಮೇಲೆ, ‘ಇಷ್ಟು ದೂರ ಬಂದಿದೀರ, ಇನ್ನೊಂದು ಎಂಬತ್ತು ಸಾವಿರಕ್ಕೆ ಸನ್‌ರೂಫ್’ ಅಂದ. ‘ಅಲ್ಲಪ್ಪಾ, ಇಷ್ಟೊಂದು ದುಡ್ಡು?’ ಎಂದರೆ, ‘ತಿಂಗಳಿಗೆ ಬರೀ ಸಾವಿರದ ಚಿಲ್ಲರೆ ಜಾಸ್ತಿ ಸಾರ್’ ಎಂದು ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ. ಒಂದೊಂದು ಮೆಟ್ಟಿಲೂ ಚಿಕ್ಕದು. ಕೊನೆಗೆ ನಿಂತು ಕೆಳಗೆ ನೋಡಿದರೆ ಹತ್ತು ಲಕ್ಷದ ಅಟ್ಟ. ಆ ಹುಡುಗನದು ತಪ್ಪಲ್ಲ, ಅವನ ಕೆಲಸವೇ ಅದು. ನಾನು ಹಾಸಿಗೆ ಅಳೆಯದೆ ಹೋಗಿದ್ದೆ, ಅಷ್ಟೇ. ಆವತ್ತು ಬುಕಿಂಗ್ ಮಾಡದೆ ಮನೆಗೆ ಬಂದು ಗಾದೆಯನ್ನು ಪದಪದವಾಗಿ ಬಿಡಿಸುತ್ತಾ ಕೂತೆ.

ಮೊದಲ ಮಾತು ಹಾಸಿಗೆ. ಹಳೆಯ ಮನೆಗಳ ಪಡಸಾಲೆ ನೆನಪಿದೆಯಲ್ಲ? ಚಾಪೆ, ಜಮಖಾನ, ಕೌದಿ ಹಾಸಿ ಹತ್ತು ಜನ ಸಾಲಾಗಿ ಮಲಗುತ್ತಿದ್ದ ಜಾಗ ಅದು. ಅಲ್ಲಿ ಹಾಸಿಗೆ ಮೀರಿ ಕಾಲು ಚಾಚಿದರೆ ಕಾಲು ಬರಿ ನೆಲಕ್ಕೆ ತಾಗಿ ಚಳಿಯಾಗುವುದಷ್ಟೇ ಅಲ್ಲ, ಪಕ್ಕದ ಸಾಲಿನಲ್ಲಿ ಮಲಗಿದವರ ತಲೆಗೂ ಒದೆ ಬೀಳುತ್ತದೆ. ಕಾರಿನ ಕಂತೂ ಹಾಗೆಯೇ. ಅದು ಒಬ್ಬನ ಜೇಬಿನಿಂದ ಹೋದಂತೆ ಕಾಣುತ್ತದೆ. ಒದೆ ಬೀಳುವುದು ಮಗಳ ಕಾಲೇಜು ಫೀಸಿಗೆ, ಅಮ್ಮನ ಕಣ್ಣಿನ ಆಪರೇಷನ್ನಿಗೆ, ಊರಿನ ಮನೆಯ ಸೋರುವ ಹೆಂಚಿಗೆ. ಆದ್ದರಿಂದ ಹಾಸಿಗೆ ಎಂದರೆ ಸಂಬಳವಲ್ಲ. ಸಂಬಳದಲ್ಲಿ ಮನೆಯವರೆಲ್ಲರ ಹಾಸಿಗೆ ಹಾಸಿದ ಮೇಲೆ ಉಳಿಯುವ ಜಾಗ.

ಇದನ್ನು ಅಳೆಯಬೇಕಾದವರು ನಾವು. ಬ್ಯಾಂಕಿಗೆ ಬಿಟ್ಟರೆ ಅವರು ತಮ್ಮ ಮೊಳಕೋಲು ತರುತ್ತಾರೆ. ‘ನಿಮಗೆ ಹನ್ನೆರಡು ಲಕ್ಷದವರೆಗೆ ಸಾಲ ಸಿಗುತ್ತೆ’ ಎಂಬ ಮಾತಿನಲ್ಲಿ ಅಳೆದಿರುವುದು ಹಾಸಿಗೆಯ ಉದ್ದವನ್ನಲ್ಲ, ಎಷ್ಟು ಎಳೆದರೆ ಕಾಲು ಮುರಿಯುವುದಿಲ್ಲ ಎಂಬುದನ್ನು. ಒಂದು ಲೆಕ್ಕ ನೋಡಿ. ಶೇ 9ರ ಬಡ್ಡಿಗೆ 8 ಲಕ್ಷ ಸಾಲ ತೆಗೆದರೆ, 5 ವರ್ಷಕ್ಕೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಅದನ್ನೇ 7 ವರ್ಷಕ್ಕೆ ಎಳೆದರೆ ಕಂತು 12,900ಕ್ಕೆ ಇಳಿಯುತ್ತದೆ. ಹಾಯೆನಿಸುತ್ತದೆ. ಆದರೆ ಕಟ್ಟುವ ಒಟ್ಟು ಬಡ್ಡಿ 2 ಲಕ್ಷದ ಒಳಗಿದ್ದದ್ದು 2 ಲಕ್ಷ 80 ಸಾವಿರ ದಾಟುತ್ತದೆ. ಇನ್ನೂ ಒಂದು ವಿಷಯ: 7 ವರ್ಷದ ಸಾಲದಲ್ಲಿ 4 ವರ್ಷ ಕಂತು ಕಟ್ಟಿದ ಮೇಲೂ ಅಸಲಿನ ಅರ್ಧ, ಅಂದರೆ 4 ಲಕ್ಷ, ಹಾಗೇ ಕೂತಿರುತ್ತದೆ. ವಿಮೆಯವರ ಪಟ್ಟಿಯಂತೆ ನಾಲ್ಕು ವರ್ಷ ದಾಟಿದ ಕಾರಿನ ಮೌಲ್ಯದಿಂದ ಶೇ 50 ಕಳೆಯುತ್ತಾರೆ. ಕಾರು ಬೇಗ ಕರಗುತ್ತದೆ, ಸಾಲ ನಿಧಾನಕ್ಕೆ. ಕಂತು ಚಿಕ್ಕದಾದಾಗ ಹಾಸಿಗೆ ಉದ್ದವಾಯಿತು ಎಂದುಕೊಳ್ಳುತ್ತೇವೆ. ಉದ್ದವಾದದ್ದು ರಾತ್ರಿ.

ಎರಡನೆಯದು ‘ಇದ್ದಷ್ಟು’. ಇಡೀ ಗಾದೆಯ ಬೆನ್ನೆಲುಬು ಈ ಪದ. ‘ಬರುವಷ್ಟು’ ಎಂದಿಲ್ಲ, ‘ಆಗಬಹುದಾದಷ್ಟು’ ಎಂದೂ ಇಲ್ಲ. ಬರುವ ಏಪ್ರಿಲ್‌ನ ಇನ್‌ಕ್ರಿಮೆಂಟು, ಮಾರಾಟವಾಗಲಿರುವ ಸೈಟು, ಬರಬೇಕಾದ ಅರಿಯರ್ಸ್ ಯಾವುದೂ ಇದರಲ್ಲಿ ಸೇರುವುದಿಲ್ಲ. ಖರ್ಚಿನ ಕಡೆಗೂ ಇದೇ ಪದ ಸಲ್ಲುತ್ತದೆ. ಜಾಹೀರಾತಿನಲ್ಲಿ ಕಾಣುವ ಎಕ್ಸ್‌ಶೋರೂಂ ಬೆಲೆ ‘ಇರುವ’ ಬೆಲೆಯಲ್ಲ. ನಾವು ಕೊಡುವುದು ಆನ್‌ರೋಡ್ ಬೆಲೆ. ಕರ್ನಾಟಕದಲ್ಲಿ ಈ ಎರಡರ ನಡುವಿನ ಕಂದಕ ತುಸು ಆಳವಾದದ್ದೇ. ಇಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ತೆರಿಗೆಯ ಮೇಲೆ ಸೆಸ್ ಬೇರೆ. 9 ಲಕ್ಷ 90 ಸಾವಿರದ ಕಾರಿಗೆ ಸೆಸ್ ಬಿಟ್ಟು 1,38,600 ರೂಪಾಯಿ ತೆರಿಗೆ. 10 ಲಕ್ಷ 10 ಸಾವಿರದ ಕಾರಿಗೆ 1,71,700. ಬೆಲೆ 20 ಸಾವಿರ ಏರಿದರೆ ತೆರಿಗೆ 33 ಸಾವಿರ ಏರಿತು! ಸಾಲದ್ದಕ್ಕೆ 10 ಲಕ್ಷ ದಾಟಿದ ಕಾರಿಗೆ ಮಾರುವಾಗಲೇ ಶೇ 1ರಷ್ಟು ಆದಾಯ ತೆರಿಗೆ (ಟಿಸಿಎಸ್) ಹಿಡಿಯುತ್ತಾರೆ. ಅದು ಆದಾಯ ತೆರಿಗೆ ವಿವರ ಸಲ್ಲಿಸುವಾಗ ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ, ಮರೆತವರಿಗೆ ಇಲ್ಲ. ಕೇಂದ್ರದ ತೆರಿಗೆಯೂ ಅಳತೆ ನೋಡಿಯೇ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ, 4 ಮೀಟರ್ ಮೀರದ ಉದ್ದ ಮತ್ತು 1200 ಸಿಸಿ ಮೀರದ ಎಂಜಿನ್ ಇರುವ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18. ಎರಡರಲ್ಲಿ ಒಂದು ಮೀರಿದರೂ ಶೇ 40. ಸರ್ಕಾರವೇ ಟೇಪು ಹಿಡಿದು ನಿಂತಿರುವಾಗ ನಾವು ಕಣ್ಣಳತೆಯಲ್ಲಿ ವ್ಯಾಪಾರ ಮುಗಿಸುವುದು ಜಾಣತನವಲ್ಲ.

ಕೊಟೇಶನ್ ಕೈಗೆ ಬಂದಾಗ ಸಾಲುಸಾಲಾಗಿ ಓದಿ. ‘ಹ್ಯಾಂಡ್ಲಿಂಗ್ ಚಾರ್ಜ್’, ‘ಎಸೆನ್ಷಿಯಲ್ ಕಿಟ್’ ಎಂಬ ಸಾಲು ಕಂಡರೆ ‘ಇದು ಯಾವುದಕ್ಕಪ್ಪಾ?’ ಎಂದು ಕೇಳಿ. ಕೇಳಿದವರಿಗೆ ಅನೇಕ ಸಲ ಅದು ಮಾಯವಾಗುತ್ತದೆ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ. ಆದರೆ ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕು ಎಂಬ ಕಾನೂನಿಲ್ಲ. ಹೊರಗೆ ಎರಡು ಕಡೆ ವಿಚಾರಿಸಿ ಬಂದು ಮಾತಿಗೆ ಕೂತರೆ ಅದೇ ವಿಮೆಯ ಮೊತ್ತ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಡಿಸೆಂಬರ್‌ನಲ್ಲಿ ಭಾರಿ ರಿಯಾಯಿತಿ ಎಂದರೆ ಹಿಗ್ಗುವ ಮೊದಲು ತಯಾರಾದ ತಿಂಗಳು, ವರ್ಷ ಕೇಳಿ. ಅದು ಆರ್‌ಸಿಯಲ್ಲಿ ಅಚ್ಚಾಗುತ್ತದೆ. ಜನವರಿ ಬಂದ ಕೂಡಲೇ ನಿಮ್ಮ ಹೊಸ ಕಾರು ಕಾಗದದಲ್ಲಿ ಹೋದ ವರ್ಷದ್ದು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ಲಾಭ, ಮೂರು ವರ್ಷಕ್ಕೆ ಮಾರುವವರಿಗೆ ನಷ್ಟ. ಇನ್ನು ಇಂಧನ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರು, ಪೇಟೆಯ ಟ್ರಾಫಿಕ್ಕಿನಲ್ಲಿ ಲೀಟರಿಗೆ 15 ಸಿಕ್ಕಿತು ಎಂದುಕೊಂಡರೂ, ಏಳು ಸಾವಿರದ ಆಸುಪಾಸು ಪೆಟ್ರೋಲಿಗೇ ಎತ್ತಿಡಬೇಕು. ಕಂತಿನ ಪಕ್ಕದಲ್ಲಿ ಇದನ್ನೂ ಬರೆದು, ಕೂಡಿಸಿ, ಆಮೇಲೆ ಹಾಸಿಗೆಯ ಕಡೆ ನೋಡಿ.

ಮೂರನೆಯದು ಕಾಲು. ಯಾರ ಕಾಲು? ಗಾದೆ ಹೇಳುವುದು ಮಲಗುವವನ ಕಾಲನ್ನೇ. ಬೀಗರ ಕಾಲಲ್ಲ, ಎದುರು ಮನೆಯವರ ಕಾಲೂ ಅಲ್ಲ. ನಮ್ಮ ಕಾಲು ಎಷ್ಟುದ್ದ ಎನ್ನುವುದಕ್ಕೆ ಹೋದ ವರ್ಷದ ಡೈರಿಯೇ ಸಾಕ್ಷಿ. ವರ್ಷಕ್ಕೆ ಎರಡು ಸಲ ಏಳು ಜನ ಸೇರಿ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೋಗುವುದುಂಟು. ಅದಕ್ಕಾಗಿ ಏಳು ಸೀಟಿನ ಕಾರು ಕೊಂಡು ಉಳಿದ ದಿನವೆಲ್ಲ ಒಬ್ಬರೇ ಕೂತು ಆಫೀಸಿಗೆ ಹೋಗುವವರಿದ್ದಾರೆ. ಆ ಎರಡು ದಿನಕ್ಕೆ ಬಾಡಿಗೆ ಗಾಡಿ ಮಾಡಿದರೆ ಮುಗಿಯಿತು. ಡೀಸೆಲ್ ಮೈಲೇಜ್ ಜಾಸ್ತಿ ಎಂಬುದು ಇನ್ನೊಂದು ಆಕರ್ಷಣೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಸೇರಿದ ಮಸಿ ಉರಿದುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನಾ ನಾಲ್ಕು ಕಿಲೋಮೀಟರ್ ಹೋಗಿ ತರಕಾರಿ ತರುವ ಕಾರಿಗೆ ಆ ಭಾಗ್ಯವಿಲ್ಲ. ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಹುಬ್ಬಳ್ಳಿಗೂ ಬೆಂಗಳೂರಿಗೂ ವಾರವಾರ ಓಡಾಡುವವರಿಗೆ ಒಪ್ಪುವ ಎಂಜಿನ್, ಮಲ್ಲೇಶ್ವರದಲ್ಲೇ ಸುತ್ತುವವರಿಗೆ ಒಪ್ಪುವುದಿಲ್ಲ.

ಕಾಲಿನ ಅಳತೆ ಅಕ್ಷರಶಃ ತೆಗೆದುಕೊಳ್ಳಬೇಕಾದದ್ದೂ ಇದೆ. ನಮ್ಮ ಬೀದಿಯ ಹಿರಿಯರೊಬ್ಬರು ಕಾರು ತಂದ ದಿನ ಪೂಜೆ ಮಾಡಿ, ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಒಳಗೆ ಬಿಡಲು ಹೋದರೆ ಗೇಟಿನಲ್ಲಿ ಕನ್ನಡಿ ಸಿಕ್ಕಿಕೊಂಡಿತು. ಆ ಕಾರು ಇವತ್ತಿಗೂ ಬೀದಿಯಲ್ಲೇ ಬೇವಿನ ಮರದ ಕೆಳಗೆ, ಕಾಗೆಗಳ ವಶದಲ್ಲಿದೆ. ಗೇಟಿಗೆ ಮೊದಲೇ ಟೇಪು ಹಿಡಿಯುವುದು ಹತ್ತು ರೂಪಾಯಿಯ ಪೂಜೆ. ಟೆಸ್ಟ್ ಡ್ರೈವ್ ಕೂಡ ಅವರು ತೋರಿಸುವ ನುಣುಪು ರಸ್ತೆಯಲ್ಲಿ ಮುಗಿಯಬಾರದು. ನಿಮ್ಮ ಬಡಾವಣೆಯ ಹಂಪು ದಾಟಿಸಿ ನೋಡಿ. ಹಿಂದಿನ ಸೀಟಿನಲ್ಲಿ ಮೊಣಕಾಲು ನೋವಿನ ಅಮ್ಮನನ್ನು ಕೂರಿಸಿ, ಹತ್ತಿ ಇಳಿಯಲು ಹೇಳಿ. ಅವರು ‘ಪರವಾಗಿಲ್ಲ ಬಿಡಪ್ಪ’ ಎಂದರೆ ಆಗುತ್ತಿಲ್ಲ ಎಂದರ್ಥ.

ಈಗ ಕೊನೆಯ ಮಾತು, ‘ಚಾಚು’. ಗಾದೆಯನ್ನು ಜಿಪುಣತನಕ್ಕೆ ದುಡಿಸಿಕೊಂಡವರು ಎಡವುವುದು ಇಲ್ಲೇ. ಹಾಸಿಗೆ ಉದ್ದವಾಗಿದ್ದೂ ಮುದುಡಿ ಮಲಗಿದರೆ ಬೆಳಿಗ್ಗೆ ನಡು ಹಿಡಿದುಕೊಳ್ಳುತ್ತದೆ. ಕಾರಿನಲ್ಲಿ ಕಾಲು ಪೂರ್ತಿ ಚಾಚಬೇಕಾದ ಜಾಗ ಒಂದಿದೆ, ಅದು ಸುರಕ್ಷತೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದಲ್ಲಿ ಮಾರುತ್ತಿದ್ದ ಐದು ಜನಪ್ರಿಯ ಚಿಕ್ಕ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ನೋಡಿತು. ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದೆ. ಅದು ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ನಕ್ಷತ್ರ ಕೊಡುತ್ತದೆ. ಶೋರೂಮಿನಲ್ಲಿ ಸನ್‌ರೂಫಿನ ಬಗ್ಗೆ ಹತ್ತು ನಿಮಿಷ ಮಾತಾಡುವ ನಾವು ಈ ಎರಡು ಸಂಖ್ಯೆ ಕೇಳಲು ಹತ್ತು ಸೆಕೆಂಡ್ ಕೊಡುವುದಿಲ್ಲ. ಸೂರ್ಯನನ್ನು ನೋಡಲು ಎಂಬತ್ತು ಸಾವಿರ ಕೊಡುವವರು ಹಿಂದಿನ ಸೀಟಿನ ಬೆಲ್ಟು, ಮಕ್ಕಳ ಸೀಟು ಕಟ್ಟುವ ಕೊಂಡಿಗೆ ಚೌಕಾಸಿ ಮಾಡುವುದು ಗಾದೆಗೆ ಮಾಡುವ ಅವಮಾನ.

ಹಾಸಿಗೆ ಚಿಕ್ಕದಾಗಿದ್ದವರಿಗೆ ಸೆಕೆಂಡ್ ಹ್ಯಾಂಡ್ ಕಾರು ಒಳ್ಳೆಯ ದಾರಿ. ಆದರೆ ಇನ್ನೊಬ್ಬರು ಮಲಗಿದ ಹಾಸಿಗೆಯನ್ನು ಕೊಡವದೆ ಮಲಗಬಾರದು, ತಗಣೆ ಇದ್ದೀತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ರೈತ ಎತ್ತಿನ ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕಾರಿಗೂ ಹಲ್ಲುಗಳಿವೆ. ಮೀಟರ್ 30 ಸಾವಿರ ಕಿಲೋಮೀಟರ್ ತೋರಿಸುತ್ತಾ ಇದ್ದು, ಬ್ರೇಕ್ ಪೆಡಲಿನ ರಬ್ಬರ್, ಸ್ಟೀರಿಂಗಿನ ಚರ್ಮ ಸವೆದು ನುಣ್ಣಗಾಗಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಮಳೆನೀರಿನಲ್ಲಿ ದುಬಾರಿ ಕಾರುಗಳು ಮುಳುಗಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ನೀರು ಕುಡಿದ ಕಾರು ತೊಳೆದರೆ ಫಳಫಳ ಹೊಳೆಯುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ, ತುದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ. ಸೀಟಿನಡಿಯ ಹಳಿಗೆ ತುಕ್ಕು ಹಿಡಿದಿದೆಯೇ ಎಂದು ಬೆರಳಾಡಿಸಿ.

ಮೈ ನೋಡಿದ ಮೇಲೆ ಕಾಗದ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೈಪೊಥಿಕೇಶನ್ ಎಂದು ಕೂತಿದ್ದರೆ, ಆ ಸಾಲ ತೀರಿದೆ ಎಂಬ ಎನ್‌ಒಸಿಯೂ ಫಾರಂ 35 ಕೂಡ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬೇರೆ ರಾಜ್ಯದ ಕಾರು ಅಗ್ಗ ಎನಿಸಿದರೆ ಇಲ್ಲಿ ಮತ್ತೆ ಕಟ್ಟಬೇಕಾದ ತೆರಿಗೆಯನ್ನು ಸೇರಿಸಿ ನೋಡಿ, ಅಗ್ಗ ಎಲ್ಲಿ ಹೋಯಿತೆಂದು ಹುಡುಕುತ್ತೀರಿ. ಬಾಕಿ ದಂಡ, ವಿಮೆ ಕ್ಲೇಮಿನ ಇತಿಹಾಸ ವಿಚಾರಿಸಿ. ಫಾರಂ 29, 30 ಸಹಿ ಮಾಡಿಸಿಕೊಂಡು ಹೆಸರು ಬದಲಾಯಿಸಿ ಮುಗಿಸಿ. ಇಲ್ಲಿ ‘ಆಮೇಲೆ ಮಾಡೋಣ ಬಿಡಿ’ ಎಂಬ ಮಾತು ಮಾರುವವರಿಗೂ ಅಪಾಯ, ಕೊಳ್ಳುವವರಿಗೂ ಅಪಾಯ.

ನಾನು ಕೊನೆಗೆ ಕೊಂಡದ್ದು ಮೊದಲು ನೋಡಲು ಹೋಗಿದ್ದ ಆ ಏಳು ಲಕ್ಷದ ಕಾರನ್ನೇ. ಅಲಾಯ್ ವೀಲ್ ಇಲ್ಲ, ಸನ್‌ರೂಫ್ ಇಲ್ಲ. ಉಳಿದ ದುಡ್ಡಿನಲ್ಲಿ ಸಾಲದ ಅವಧಿ ಎರಡು ವರ್ಷ ಕಮ್ಮಿಯಾಯಿತು, ಮಗುವಿನ ಸೀಟು ಬಂತು. ನೀವೂ ಶೋರೂಮಿಗೆ ಹೊರಡುವ ಹಿಂದಿನ ರಾತ್ರಿ ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಒಂದೇ ಸಂಖ್ಯೆ ಬರೆಯಿರಿ: ಎಲ್ಲವೂ ಸೇರಿದ ಆನ್‌ರೋಡ್ ಬೆಲೆ, ಇದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಆಮೇಲೆ ಧಾರಾಳವಾಗಿ ಕಾಲು ಚಾಚಿ.