ಉಡುತಡಿಯಿಂದ ಹೊರಡುವ ಮುನ್ನ

ಶಿಕಾರಿಪುರ ತಾಲ್ಲೂಕಿನ ಉಡುತಡಿ, ಎಲ್ಲವನ್ನೂ ಬಿಟ್ಟು ಹೊರಟವಳ ಊರು. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಅರಸ ಕೌಶಿಕನನ್ನು, ಒಡವೆಯನ್ನು, ಕೊನೆಗೆ ಉಟ್ಟ ಬಟ್ಟೆಯನ್ನೂ ತೊರೆದು ಇಲ್ಲಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳೆಂದು ಶರಣ ಪರಂಪರೆ ನಂಬಿಕೊಂಡು ಬಂದಿದೆ. ಇಂದಿನ ರಸ್ತೆಯ ಲೆಕ್ಕದಲ್ಲಿ ಬಸವಕಲ್ಯಾಣಕ್ಕೆ 500 ಕಿಲೋಮೀಟರಿಗೂ ಹೆಚ್ಚು, ಅಲ್ಲಿಂದ ಶ್ರೀಶೈಲಕ್ಕೆ ಸುಮಾರು 400.

ಅದೇ ದಾರಿಯಲ್ಲಿ ಮೋಟಾರ್ ಸೈಕಲ್ ಮೇಲೆ ಹೋಗಬೇಕೆಂದು ಶಿರಾಳಕೊಪ್ಪದ ಕಡೆಯ ಯಾರಾದರೂ ಮನಸ್ಸು ಮಾಡಿದರೆ, ಹೊರಡುವ ಒಂದು ವಾರ ಮೊದಲೇ ಅಂಗಳದಲ್ಲಿ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಕೂರಬೇಕಾಗುತ್ತದೆ. ಚೈನ್ ಎಷ್ಟು ಸಡಿಲ, ಬ್ರೇಕ್ ಶೂ ಎಷ್ಟು ಸವೆದಿದೆ, ಕ್ಲಚ್ ಕೇಬಲ್ಲಿನ ಎಳೆ ಎಲ್ಲಾದರೂ ಬಿಟ್ಟಿದೆಯೇ ಎಂದು ನೋಡಬೇಕಾಗುತ್ತದೆ. ಇಲ್ಲೊಂದು ಪ್ರಶ್ನೆ ಏಳುತ್ತದೆ, ಅದು ಹಗುರವಾದ ಪ್ರಶ್ನೆಯಲ್ಲ. ಒಂದು ಕಬ್ಬಿಣದ ವಸ್ತುವಿನ ಮುಂದೆ ಇಷ್ಟು ಹೊತ್ತು ಕೂತು, ಅದರ ಒಂದೊಂದು ಬೋಲ್ಟನ್ನೂ ಚಿಂತಿಸುವುದು ಮೋಹವೋ, ಕಾಯಕವೋ? ಬಿಡುವುದನ್ನು ಕಲಿಸಿದವಳ ಊರಿನಲ್ಲಿ ಈ ಜೋಪಾನಕ್ಕೆ ಎಲ್ಲಿ ಜಾಗ?

ಅಕ್ಕನನ್ನು ಸಿದ್ಧತೆಯಿಲ್ಲದೆ ಹೊರಟವಳೆಂದು ಓದುವುದು ತಪ್ಪು ಓದು. ಹಸಿವಿಗೆ ಊರಲ್ಲಿ ಭಿಕ್ಷೆ ಸಿಗುತ್ತದೆ, ನೀರಿಗೆ ಕೆರೆ ಬಾವಿಗಳಿವೆ, ಮಲಗಲು ಪಾಳುಗುಡಿ ಸಾಕು, ಜೊತೆಗೆ ದೇವರಿದ್ದಾನೆ ಎಂಬ ಅರ್ಥದ ಅವಳ ವಚನ ಕನ್ನಡದ ಮಕ್ಕಳಿಗೂ ಗೊತ್ತು. ಅದನ್ನು ಭಕ್ತಿಯ ಆವೇಶವೆಂದು ಓದಿ ಮುಂದೆ ಹೋಗುವವರೇ ಹೆಚ್ಚು. ನಿಧಾನವಾಗಿ ನೋಡಿದರೆ ಅದು ದೂರ ಪ್ರಯಾಣದ ಲೆಕ್ಕ: ಊಟ, ನೀರು, ವಸತಿ, ಜೊತೆ. ಈ ದೇಹಕ್ಕೆ ದಾರಿಯಲ್ಲಿ ಏನೇನು ಬೇಕಾಗುತ್ತದೆ, ಎಷ್ಟು ಬೇಕಾಗುತ್ತದೆ, ಅದು ಎಲ್ಲಿ ಸಿಗುತ್ತದೆ ಎಂಬುದನ್ನು ಅವಳು ಒಂದೊಂದಾಗಿ ಎಣಿಸಿದ್ದಾಳೆ. ಬೇಕಾದುದು ಇಷ್ಟೇ ಎಂದು ಖಚಿತವಾಗಿ ತಿಳಿದದ್ದರಿಂದಲೇ ಮಿಕ್ಕದ್ದನ್ನು ಬಿಡಲು ಅವಳಿಂದ ಆಯಿತು. ಕಲ್ಯಾಣದಲ್ಲಿ ಅಲ್ಲಮಪ್ರಭು ಅವಳನ್ನು ಸುಮ್ಮನೆ ಶರಣರ ಕೂಟದೊಳಗೆ ಬಿಟ್ಟುಕೊಳ್ಳಲಿಲ್ಲ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳಿದ ಎನ್ನುತ್ತದೆ ಶೂನ್ಯಸಂಪಾದನೆ. ಉಡುತಡಿಗೆ ಹತ್ತಿರದ ಬಳ್ಳಿಗಾವಿಯಲ್ಲೇ ಹುಟ್ಟಿದನೆಂದು ನಂಬಲಾದ ಅಲ್ಲಮನಿಗೆ ಅವಳು ಏನನ್ನು ಬಿಟ್ಟಳು ಎಂಬುದಕ್ಕಿಂತ, ತಿಳಿದು ಬಿಟ್ಟಳೇ ಎಂಬುದೇ ಮುಖ್ಯವಾಗಿತ್ತು.

ಗಾಡಿಯ ಕೆಲಸವನ್ನು ತಾನೇ ಮಾಡಿಕೊಳ್ಳುವವನಿಗೆ ದಕ್ಕುವುದು ಇದೇ ಬಗೆಯ ತಿಳಿವಳಿಕೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದರೆ ಎಂಜಿನ್ನಿನ ಒಳಗಿನ ಸಮಾಚಾರ ಕಣ್ಣಿಗೆ ಕಾಣುತ್ತದೆ. ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಉರಿ ಸರಿಯಾಗಿದೆ. ಒಣ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಎಣ್ಣೆ ಜಿಡ್ಡಿನಿಂದ ಒದ್ದೆಯಾಗಿದ್ದರೆ ಆಯಿಲ್ ಒಳಗೆ ಸುಡುತ್ತಿದೆ, ಪಿಸ್ಟನ್ ರಿಂಗ್ ಸವೆದಿರಬಹುದು. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ. ಚೈನ್ ವಿಷಯವೂ ಹೀಗೆಯೇ. ಅದರ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿದರೆ ಸಾಮಾನ್ಯ ಗಾಡಿಗಳಲ್ಲಿ 20ರಿಂದ 35 ಮಿಲಿಮೀಟರ್ ಒಳಗೆ, ಕೈಪಿಡಿ ಹೇಳಿದಷ್ಟು ಆಡಬೇಕು. ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ, ಸಡಿಲವಾದರೆ ಸ್ಪ್ರಾಕೆಟ್‌ನಿಂದ ಜಾರುತ್ತದೆ. ಚಕ್ರವನ್ನು ತಿರುಗಿಸಿ ನಾಲ್ಕು ಕಡೆ ನೋಡಬೇಕು, ಯಾಕೆಂದರೆ ಹಳೇ ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ.

ಮಲೆನಾಡಿನ ಅಂಚಿನ ಗಾಡಿಗೆ ಈ ತಪಾಸಣೆ ಇನ್ನೂ ಅಗತ್ಯ. ಸೊರಬ, ಶಿಕಾರಿಪುರದ ಮಳೆಯಲ್ಲಿ ಕೆಂಪು ರಾಡಿ ಚೈನಿನ ಸಂದಿಗಳನ್ನು ಹೊಕ್ಕು ಎಣ್ಣೆಯನ್ನು ತೊಳೆದು, ತುಕ್ಕನ್ನು ಬಿಟ್ಟುಹೋಗುತ್ತದೆ. ಅದೇ ಗಾಡಿ ಕಲಬುರಗಿ ಸೀಮೆಯ ಬಿಸಿಲಿಗೆ ಬಂದಾಗ ಟೈರಿನೊಳಗಿನ ಗಾಳಿ ಕಾದು ಒತ್ತಡ ಏರುತ್ತದೆ. ಅದಕ್ಕೇ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಅಳೆಯಬೇಕು. ಮಧ್ಯಾಹ್ನ ಜಾಸ್ತಿ ತೋರಿಸಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಗಿಗೆ ಕಡಿಮೆಯಾಗಿರುತ್ತದೆ.

ಗಾಡಿಯ ಜೋಪಾನಕ್ಕೆ ಅರ್ಥವೇನೆಂಬ ಪ್ರಶ್ನೆಯನ್ನು ಜಗತ್ತಿನ ಮುಂದೆ ದೊಡ್ಡದಾಗಿ ಇಟ್ಟವನು ಅಮೆರಿಕದ ರಾಬರ್ಟ್ ಪಿರ್ಸಿಗ್. 1968ರಲ್ಲಿ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಹೊಂಡಾ ಸೂಪರ್ ಹಾಕ್ ಮೇಲೆ ಮಿನಿಯಾಪೊಲಿಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೋದ ಅವನು, ಆ ಪ್ರಯಾಣದಿಂದ 1974ರಲ್ಲಿ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಎಂಬ ಪುಸ್ತಕ ಬರೆದ. ತತ್ತ್ವಶಾಸ್ತ್ರ ಓದಲು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೂ ಬಂದಿದ್ದವನು. ಜೊತೆಗಿದ್ದ ಗೆಳೆಯನ ದುಬಾರಿ ಬಿಎಂಡಬ್ಲ್ಯು ಗಾಡಿಯ ಹ್ಯಾಂಡಲ್ ಸಡಿಲವಾದಾಗ, ಬಿಯರ್ ಡಬ್ಬಿಯ ತೆಳು ಅಲ್ಯುಮಿನಿಯಂ ಕತ್ತರಿಸಿ ಸಂದಿಗೆ ಇಟ್ಟರೆ ಸರಿಹೋಗುತ್ತದೆ ಎಂದು ಪಿರ್ಸಿಗ್ ಸಲಹೆ ಕೊಡುತ್ತಾನೆ. ಗೆಳೆಯನಿಗೆ ಅದು ಅವಮಾನವಾಗಿ ಕಾಣುತ್ತದೆ. ಇಂಥ ಗಾಡಿಗೆ ಡಬ್ಬಿಯ ತಗಡೇ? ಮೋಹ ಇರುವುದು ಇಲ್ಲಿ. ಗಾಡಿಯ ಹೆಸರನ್ನು ಪ್ರೀತಿಸಿದವನಿಗೆ ಅದರ ಹ್ಯಾಂಡಲ್ ಅಲ್ಲಾಡುವುದನ್ನು ನಿಲ್ಲಿಸಲಾಗಲಿಲ್ಲ. ಲೋಹದ ಗುಣ ತಿಳಿದವನಿಗೆ ಡಬ್ಬಿ ಯಾವುದಾದರೇನು?

ಆದರೆ ಪಿರ್ಸಿಗ್ ನಿಲ್ಲುವಲ್ಲಿ ಶರಣರು ನಿಲ್ಲುವುದಿಲ್ಲ. ಅವನಿಗೆ ಕೆಲಸದಲ್ಲಿ ಮನಸ್ಸು ನೆಲೆಸಿದರೆ ಬಹುಮಟ್ಟಿಗೆ ಸಾಕು. ಕಲ್ಯಾಣದಲ್ಲಿ ಅಷ್ಟು ಸಾಲದು. ಹಗ್ಗ ಹೊಸೆಯುವ ನುಲಿಯ ಚಂದಯ್ಯ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿದ್ದರೂ ಎತ್ತಿಕೊಳ್ಳದೆ ಕಾಯಕ ಮುಂದುವರಿಸಿದನೆಂಬ ಕಥೆಯುಂಟು. ಕೈಕೆಲಸಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವ ಧರ್ಮವೂ ಕೊಟ್ಟಿರಲಾರದು. ಆದರೂ ಆ ಹಗ್ಗ ಮಾರಿ ಬಂದದ್ದು ಚಂದಯ್ಯನ ಸುಖಕ್ಕಲ್ಲ, ಜಂಗಮ ದಾಸೋಹಕ್ಕೆ. ಕಾಯಕದ ಜೊತೆಗೆ ದಾಸೋಹ ಇಲ್ಲದಿದ್ದರೆ ಅದು ಬರೀ ದುಡಿಮೆ. ತನ್ನ ಖುಷಿಯ ಸವಾರಿಗಾಗಿ ತನ್ನದೇ ಗಾಡಿಯನ್ನು ತಿದ್ದಿಕೊಳ್ಳುವವನ ಕೆಲಸ ಎಷ್ಟೇ ಅಚ್ಚುಕಟ್ಟಾಗಿರಲಿ, ಈ ಒರೆಗಲ್ಲಿನ ಮೇಲೆ ಅರ್ಧವೇ ಉಳಿಯುತ್ತದೆ.

ಉಡುತಡಿಯ ಸುತ್ತಿನ ಹಳ್ಳಿಗಳಲ್ಲಿ ಈ ಅರ್ಧ ತಾನಾಗಿ ತುಂಬಿಕೊಳ್ಳುತ್ತದೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು ಹೊರುವ ನೂರು ಸಿಸಿ ಗಾಡಿಗಳು ಮನೆಮಂದಿಗೆಲ್ಲ ಸೇರಿದವು, ಅಗತ್ಯಬಿದ್ದರೆ ಪಕ್ಕದ ಮನೆಗೂ. ಜೋಳದ ಹೊಲದ ನಡುವೆ ಕ್ಲಚ್ ಕೇಬಲ್ ಕಡಿದರೆ ಬದಲಾಯಿಸುವುದು ಹವ್ಯಾಸವಲ್ಲ, ಡೇರಿಯ ಹೊತ್ತು ಮೀರಬಾರದೆಂಬ ತುರ್ತು. ಈ ಕೆಲಸವನ್ನು ಯಾರೂ ತತ್ತ್ವವೆಂದು ಕರೆಯುವುದಿಲ್ಲ. ಶಿಕಾರಿಪುರ ತಾಲ್ಲೂಕಿನವಳೇ ಎನ್ನಲಾದ ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದಾಗಿತ್ತು. ಅದನ್ನು ಅನುಭಾವದ ಕೆಲಸವೆಂದು ಒಪ್ಪಿದ ಪರಂಪರೆ ಕೇಬಲ್ ಬದಲಾಯಿಸುವ ಕೈಯನ್ನೂ ಒಪ್ಪದಿರಲು ಕಾರಣವಿಲ್ಲ.

ದೂರ ಹೊರಡುವವರಿಗೆ ಹೆಚ್ಚು ಬೇಕಾದ ಪಾಠ ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದವಳು ಅವಳು. ಗಾಡಿಗೆ ಲಗೇಜು ಕಟ್ಟುವ ಹೊತ್ತಿನಲ್ಲಿ ಅವಳ ಮಾತು ನೇರವಾಗಿ ಅನ್ವಯಿಸುತ್ತದೆ. ಹಿಂದೆ ಭಾರ ಹೆಚ್ಚಾದಷ್ಟೂ ಮುಂದಿನ ಚಕ್ರ ಹಗುರವಾಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ, ಬ್ರೇಕ್ ಹಿಡಿದರೆ ಗಾಡಿ ನಿಲ್ಲುವ ದೂರ ಬೆಳೆಯುತ್ತದೆ. ಒಂದು ಕ್ಲಚ್ ಕೇಬಲ್, ಒಂದು ಆಕ್ಸಿಲರೇಟರ್ ಕೇಬಲ್, ಪ್ಲಗ್, ಚೈನಿನ ಲಾಕು, ಫ್ಯೂಸು, ಪಂಕ್ಚರ್ ಕಿಟ್ಟು, ಆ ಗಾಡಿಯ ನಟ್ಟಿಗೆ ಕೂರುವ ನಾಲ್ಕಾರು ಪಾನಾ, ಇಷ್ಟೇ ಸಾಕು. ಬಳಸಲು ಬಾರದ ಹತಾರ ಎಷ್ಟಿದ್ದರೂ ಬರೀ ಹೊರೆ. ಹೊಸ ಟೈರು, ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದರೆ ಊರಿನ ಆಸುಪಾಸಿನಲ್ಲಿ ಸ್ವಲ್ಪ ಓಡಿಸಿ ಹದಕ್ಕೆ ತಂದುಕೊಂಡೇ ಹೊರಡಬೇಕು.

ತಾನೇ ಮಾಡುತ್ತೇನೆ ಎಂಬ ಹಟಕ್ಕೂ ಮಿತಿ ಬೇಕು. ಡಿಸ್ಕ್ ಬ್ರೇಕಿನ ಆಯಿಲ್ ಲೈನಿನಲ್ಲಿ ಗಾಳಿ ಸೇರಿದರೆ ಲಿವರ್ ಹಿಡಿದರೂ ಗಾಡಿ ನಿಲ್ಲುವುದಿಲ್ಲ. ಅಂಥದ್ದನ್ನು ಅರೆಬರೆ ತಿಳಿದವನು ಮುಟ್ಟಬಾರದು. ಮೆಕ್ಯಾನಿಕ್‌ನದೂ ಕಾಯಕವೇ. ಅವನ ಪಕ್ಕದಲ್ಲಿ ನಿಂತು, ಕೇಳಿ, ಕೂಲಿ ಕೊಟ್ಟು ಕಲಿಯುವುದರಲ್ಲಿ ಸ್ವಾವಲಂಬನೆ ಕುಂದುವುದಿಲ್ಲ. ಬಸಿದ ಹಳೇ ಆಯಿಲನ್ನು ಗದ್ದೆಯ ಕಾಲುವೆಗೆ ಚೆಲ್ಲುವವನು ಮಾತ್ರ ಎಷ್ಟೇ ನಿಪುಣನಾದರೂ ಕಾಯಕದ ಮಾತಾಡುವ ಹಕ್ಕು ಕಳೆದುಕೊಳ್ಳುತ್ತಾನೆ. ಆ ನೀರು ಕೆರೆಗೆ ಹೋಗುತ್ತದೆ, ಕೆರೆಯ ನೀರನ್ನು ದನಕರು ಕುಡಿಯುತ್ತವೆ. ಹಳೇ ಆಯಿಲನ್ನು ಕ್ಯಾನಿನಲ್ಲಿ ತುಂಬಿಟ್ಟು, ಅದನ್ನು ಕೊಳ್ಳುವ ಗ್ಯಾರೇಜಿಗೆ ಮುಟ್ಟಿಸಬೇಕು.

ದುರಸ್ತಿಯ ವಿದ್ಯೆಯನ್ನು ಕನ್ನಡ ನಾಡಿನ ಮನೆಮನೆಗೆ ಕಲಿಸಿದ ಗಾಡಿಯೊಂದಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ. ಎರಡು ಸ್ಟ್ರೋಕಿನ ಎಂಜಿನ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಒಂದೇ ಲಿವರ್ ಕಿಕ್ಕರ್ರೂ ಹೌದು ಗೇರೂ ಹೌದು. ಸೈಲೆನ್ಸರಿನೊಳಗೆ ಮಸಿ ಕಟ್ಟಿದರೆ ಮಾಲೀಕನೇ ಬಿಚ್ಚಿ ಕೆರೆಯುತ್ತಿದ್ದ. ಇಂದಿನ ಗಾಡಿಗಳು ಅಷ್ಟು ಸಲೀಸಾಗಿ ತೆರೆದುಕೊಳ್ಳುವುದಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬೊರೇಟರ್ ಬಹುಪಾಲು ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ದೋಷ ಏನೆಂದು ತಿಳಿಯಲು ಸ್ಕ್ಯಾನರ್ ಬೇಕು, ಅದು ಹಳ್ಳಿಯ ಗ್ಯಾರೇಜಿನಲ್ಲಿ ಇರುವುದು ಅಪರೂಪ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಸಮಿತಿ ರಚಿಸಿದಾಗ ಕೃಷಿ ಯಂತ್ರ, ಮೊಬೈಲ್‌ಗಳ ಜೊತೆಗೆ ವಾಹನಗಳನ್ನೂ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ ಸರಿ. ತನ್ನ ವಸ್ತುವಿನ ಒಳಗನ್ನು ತಿಳಿಯುವ ಹಕ್ಕನ್ನು ಕಳೆದುಕೊಂಡವನಿಗೆ ಅದನ್ನು ಪೂಜಿಸುವುದು ಅಥವಾ ಎಸೆಯುವುದು ಎರಡೇ ದಾರಿ. ಆಯುಧಪೂಜೆಯ ದಿನ ಗಾಡಿಗೆ ಹೂ ಹಾಕಿ ಕುಂಬಳಕಾಯಿ ಒಡೆಯುವುದು ಚೆಂದವೇ. ಅದೇ ದಿನ ಬ್ರೇಕ್ ಶೂ ಬಿಚ್ಚಿ ನೋಡಿದರೆ ಪೂಜೆಗೆ ಅರ್ಥ ಬರುತ್ತದೆ.

ಶ್ರೀಶೈಲದ ದಾರಿಯ ಕೊನೆಯ ಭಾಗ ನಲ್ಲಮಲ ಕಾಡಿನದು. ಅಲ್ಲಿ ರಾತ್ರಿ ವಾಹನ ಬಿಡುವುದಿಲ್ಲ, ಗೇಟು ಮುಚ್ಚುವ ಮುಂಚೆ ದಾಟುವಂತೆ ಹೊರಡಬೇಕು, ಪೆಟ್ರೋಲನ್ನು ಕಾಡಿಗೆ ಹೊಕ್ಕುವ ಮೊದಲೇ ತುಂಬಿಸಿಕೊಳ್ಳಬೇಕು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಇದೇ ಕಾಡಿನ ಮೂಲಕ ಕಾಲ್ನಡಿಗೆಯಲ್ಲಿ ಮಲ್ಲಯ್ಯನ ಬೆಟ್ಟಕ್ಕೆ ಸಾಗುತ್ತಾರೆ. ಆ ದಿನಗಳಲ್ಲಿ ಗಾಡಿಯ ಮೇಲೆ ಹೋಗುವವರು ವೇಗ ತಗ್ಗಿಸಿ, ಹಾರ್ನ್ ಮಾಡದೆ ಅಂಚಿನಲ್ಲಿ ಸಾಗಬೇಕು, ಎರಡು ಬಾಟಲಿ ನೀರನ್ನು ಹೆಚ್ಚಿಗೆ ಇಟ್ಟುಕೊಳ್ಳಬೇಕು. ಲಕ್ಕಮ್ಮನೂ ಬೇಡವೆನ್ನದ ಹೆಚ್ಚಳ ಅದು, ದಾರಿಯಲ್ಲಿ ಬಾಯಾರಿದ ಯಾರಿಗಾದರೂ ಕೊಡುವುದಕ್ಕೆ. ಬಿಡಿ ಕೇಬಲ್ಲೂ ಹಾಗೆಯೇ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡವನಿಗೆ ಅದು ಹೊಂದುವುದಾದರೆ ಅಲ್ಲೇ ಹಾಕಿಕೊಟ್ಟು, ಮುಂದಿನ ಪೇಟೆಯಲ್ಲಿ ತನಗೆ ಇನ್ನೊಂದು ಕೊಂಡರಾಯಿತು.